ಎಷ್ಟು ಬಟ್ಟಲು ಬೇಳೆ?

ಕಿಡ್ನಿ ಕಾಯಿಲೆ ಬಂದವರಿಗೆ ಸಿಗುವ ಮೊದಲ ಬುದ್ಧಿಮಾತು ‘ಪ್ರೋಟೀನ್ ಕಡಿಮೆ ಮಾಡಿ’. ಎಷ್ಟು ಕಡಿಮೆ, ಯಾವಾಗ, ಎಲ್ಲಿಯತನಕ? ಈ ಮೂರು ಪ್ರಶ್ನೆಗೆ ಉತ್ತರ ಸಿಗದ ಅಡುಗೆಮನೆಗಳಲ್ಲಿ ಪಥ್ಯವೇ ಉಪವಾಸವಾಗುತ್ತದೆ.

ಔಷಧದ ಚೀಟಿಯಲ್ಲಿ ಮಾತ್ರೆಗಳ ಹೆಸರೆಲ್ಲ ಮುಗಿದ ಮೇಲೆ, ಜಾಗ ಮಿಕ್ಕಿತ್ತು ಎನ್ನುವ ಹಾಗೆ ಕೊನೆಗೊಂದು ಸಾಲು: ಉಪ್ಪು ಕಡಿಮೆ, ಪ್ರೋಟೀನ್ ಕಡಿಮೆ. ತಿಪಟೂರು ಕಡೆಯ ಹಳ್ಳಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದ ನಮ್ಮ ದೊಡ್ಡಪ್ಪ ಆ ಸಾಲನ್ನು ಬಸ್ಸಿನಲ್ಲೇ ಎರಡು ಸಲ ಓದಿಕೊಂಡರು. ಮನೆ ಸೇರುವ ಹೊತ್ತಿಗೆ ಅದು ದೊಡ್ಡಮ್ಮನ ಬಾಯಲ್ಲಿ ‘ಬೇಳೆ ಮುಟ್ಟಬಾರದಂತೆ’ ಎಂದಾಗಿತ್ತು. ಮಾರನೇ ದಿನ ತೊಗರಿಬೇಳೆ ಡಬ್ಬ ಅಟ್ಟ ಹತ್ತಿತು. ವಾರದೊಳಗೆ ಹಾಲು ನಿಂತಿತು. ಮೊಸರು ಮಜ್ಜಿಗೆಯಾಯಿತು, ಮಜ್ಜಿಗೆ ನೀರಾಯಿತು. ತಟ್ಟೆಯಲ್ಲಿ ಉಳಿದದ್ದು ಒಂದಿಷ್ಟು ಅನ್ನ, ತಿಳಿಸಾರು, ಸೋರೆಕಾಯಿ ಪಲ್ಯ.

ಐದು ತಿಂಗಳಲ್ಲಿ ದೊಡ್ಡಪ್ಪ ಏಳು ಕೆ.ಜಿ. ಇಳಿದರು. ಕೈಗಡಿಯಾರ ಮಣಿಕಟ್ಟು ಬಿಟ್ಟು ಮೊಣಕೈವರೆಗೆ ಜಾರತೊಡಗಿತು. ಬಂದವರೆಲ್ಲ ‘ಆ ಕಾಯಿಲೆನೇ ಹಂಗೆ, ಒಳಗೊಳಗೇ ತಿಂದುಹಾಕುತ್ತೆ’ ಎಂದು ಹೇಳಿ ಕಾಫಿ ಕುಡಿದು ಹೋದರು. ತಿಂದುಹಾಕಿದ್ದು ಕಾಯಿಲೆಯೊಂದೇ ಅಲ್ಲ ಎಂದು ಗೊತ್ತಾಗಿದ್ದು ಮುಂದಿನ ಸಲ ಆಸ್ಪತ್ರೆಗೆ ಹೋದಾಗ. ಅಲ್ಲಿನ ಡಯಟೀಷಿಯನ್ ಹುಡುಗಿ ರಕ್ತಪರೀಕ್ಷೆಯ ಹಾಳೆ ನೋಡುವುದಕ್ಕೂ ಮೊದಲು ದೊಡ್ಡಮ್ಮನ ಕಡೆ ತಿರುಗಿ ಕೇಳಿದಳು: “ಅಮ್ಮ, ದಿನಕ್ಕೆ ಬೇಳೆ ಎಷ್ಟು ಹಾಕ್ತಾ ಇದ್ರಿ?”

“ಅಂದಾಜಿಗೆ ಹಾಕ್ತಿದ್ದೆ ಕಣಮ್ಮ. ಈಗಂತೂ ಒಂದು ಕಾಳೂ ಹಾಕ್ತಿಲ್ಲ.”

“ಹಾಕ್ಬೇಡಿ ಅಂತ ಯಾರು ಹೇಳಿದ್ದು? ಅಳೆದು ಹಾಕಿ ಅಂತ ಹೇಳಬೇಕಿತ್ತು.”

ಹೀಗೆ ಹೇಳಿದವಳು ಮೇಜಿನ ಖಾನೆಯಿಂದ ಒಂದು ಪುಟ್ಟ ಸ್ಟೀಲ್ ಬಟ್ಟಲು ತೆಗೆದು ತೋರಿಸಿದಳು. ತಲೆತಟ್ಟಿ ತುಂಬಿದರೆ ಮೂವತ್ತು ಗ್ರಾಂ ಬೇಳೆ ಹಿಡಿಯುವ ಬಟ್ಟಲು. ಅವತ್ತು ಸಂಜೆ ಊರಿಗೆ ಬಂದಿಳಿದ ದೊಡ್ಡಮ್ಮ ಪಾತ್ರೆ ಅಂಗಡಿಯಲ್ಲಿ ಅದೇ ಅಳತೆಯದೊಂದನ್ನು ಕೊಂಡರು. ಈ ಲೇಖನ ಆ ಬಟ್ಟಲಿನ ಕತೆ.

ಹೆಸರಿನಲ್ಲೇ ಇದೆ ಗುಟ್ಟು

ಪ್ರೋಟೀನಿಗೆ ನಮ್ಮ ಪಠ್ಯಪುಸ್ತಕಗಳು ಕೊಟ್ಟ ಹೆಸರು ‘ಸಸಾರಜನಕ’. ಪರೀಕ್ಷೆಗೆ ಉರುಹೊಡೆದು ಮರೆತ ಪದ. ಬಿಡಿಸಿ ನೋಡಿದರೆ ಕಿಡ್ನಿ ಪಥ್ಯದ ಅರ್ಧ ಪಾಠ ಅದರಲ್ಲೇ ಇದೆ. ಸಾರಜನಕ ಎಂದರೆ ನೈಟ್ರೋಜನ್. ಸಾರಜನಕ ಸಹಿತವಾದದ್ದು ಸಸಾರಜನಕ. ಅನ್ನದ ಪಿಷ್ಟ, ತುಪ್ಪದ ಕೊಬ್ಬು ದೇಹದಲ್ಲಿ ಉರಿದರೆ ಕೊನೆಗೆ ಉಳಿಯುವುದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರು. ಒಂದನ್ನು ಉಸಿರಾಡಿ ಹೊರಹಾಕುತ್ತೇವೆ, ಇನ್ನೊಂದು ಮೈಗೇ ಬೇಕು. ಪ್ರೋಟೀನ್ ಉರಿದಾಗ ಮಾತ್ರ ಸಾರಜನಕ ಬೂದಿಯಂತೆ ಹಿಂದುಳಿಯುತ್ತದೆ. ಮೊದಲು ಅದು ಅಮೋನಿಯಾ, ಅದು ವಿಷ. ಪಿತ್ತಜನಕಾಂಗ ಆ ವಿಷವನ್ನು ಅಷ್ಟೇನೂ ಅಪಾಯವಿಲ್ಲದ ಯೂರಿಯಾ ಆಗಿ ಮಾರ್ಪಡಿಸುತ್ತದೆ. ಈ ಮಾರ್ಪಾಡು ನಡೆಯುವ ಚಕ್ರವನ್ನು 1932ರಲ್ಲಿ ಬಿಡಿಸಿಟ್ಟವರು ಹ್ಯಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್. ಯೂರಿಯಾವನ್ನು ಹೊರಗೆ ಸಾಗಿಸುವ ಕೆಲಸ ಕಿಡ್ನಿಯದು.

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳು, ಅಂದರೆ ಪುಟಾಣಿ ಸೋಸುಕಗಳು. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಬಿಡುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ವರ್ಷಗಟ್ಟಲೆ ಪೆಟ್ಟು ತಿಂದು ಈ ಸೋಸುಕಗಳು ಒಂದೊಂದೇ ಮುಚ್ಚಿಹೋದಾಗ ಯೂರಿಯಾ ಮತ್ತು ಅದರ ಜತೆಗಾರ ಕಸ ರಕ್ತದಲ್ಲೇ ನಿಲ್ಲುತ್ತದೆ. ಬಾಯಿ ಕಹಿ, ಊಟ ಕಂಡರೆ ಓಕರಿಕೆ, ಮೈತುರಿಕೆ, ಕೂತಲ್ಲೇ ತೂಕಡಿಕೆ ಶುರುವಾಗುತ್ತದೆ. ಒಲೆಗೆ ಹಾಕುವ ಕಟ್ಟಿಗೆ ಕಡಿಮೆಯಾದರೆ ಬೂದಿಯೂ ಕಡಿಮೆ. ಪ್ರೋಟೀನ್ ಮಿತಿಯ ಮೊದಲ ತರ್ಕ ಇಷ್ಟೇ.

ಉಳಿದ ಮೇಷ್ಟ್ರುಗಳ ಪಾಡು

ಎರಡನೆಯ ತರ್ಕ ಸ್ವಲ್ಪ ಸೂಕ್ಷ್ಮ. ಅದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ತಮ್ಮ ವೃತ್ತಿಯ ಭಾಷೆಗೇ ಅದನ್ನು ತಂದುಕೊಂಡರು. “ನಾಲ್ಕು ಜನ ಮೇಷ್ಟ್ರಿದ್ದ ಶಾಲೇಲಿ ಇಬ್ಬರಿಗೆ ವರ್ಗ ಆಗೋಯ್ತು ಅನ್ನು. ಮಕ್ಕಳು ಅಷ್ಟೇ ಇರ್ತಾರೆ. ಉಳಿದ ಇಬ್ಬರು ಏಳು ತರಗತೀನೂ ನೋಡ್ಕೋತಾರೆ. ಮೊದಲ ವರ್ಷ ಇನ್‌ಸ್ಪೆಕ್ಟರಿಗೆ ಏನೂ ಗೊತ್ತಾಗಲ್ಲ. ಆಮೇಲೆ ಅವರಲ್ಲೊಬ್ಬರು ಮಲಗ್ತಾರೆ.”

ಬಾಸ್ಟನ್ನಿನ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1982ರಲ್ಲಿ ಹೇಳಿದ್ದೂ ಇದನ್ನೇ. ಕೆಲವು ನೆಫ್ರಾನುಗಳು ಸತ್ತಾಗ ಉಳಿದವು ಹೆಚ್ಚು ಒತ್ತಡದಲ್ಲಿ ಹೆಚ್ಚು ರಕ್ತ ಸೋಸುತ್ತವೆ. ಹಾಗೆ ದುಡಿದೇ ಬೇಗ ಸಾಯುತ್ತವೆ. ಪ್ರೋಟೀನ್ ಜಾಸ್ತಿ ಇರುವ ಊಟ ಈ ದುಡಿತವನ್ನು ಇನ್ನೂ ಏರಿಸುತ್ತದೆ. ಮಾಂಸದೂಟವೊಂದು ಹೊಟ್ಟೆ ಸೇರಿದ ಕೆಲವೇ ಗಂಟೆಗಳಲ್ಲಿ ಸೋಸುಕಕ್ಕೆ ರಕ್ತ ತರುವ ಸಣ್ಣ ನಾಳ ಹಿಗ್ಗಿ, ಸೋಸುವ ಪ್ರಮಾಣ ಏರುತ್ತದೆ. ಆರೋಗ್ಯವಂತರ ಕಿಡ್ನಿಗೆ ಇದು ಲೆಕ್ಕಕ್ಕಿಲ್ಲದ ಏರಿಳಿತ. ಅರ್ಧ ಸಿಬ್ಬಂದಿಯಲ್ಲಿ ನಡೆಯುತ್ತಿರುವ ಕಿಡ್ನಿಗೆ ಅದು ಹೊರೆ. ಹಾಗಾಗಿ ಪ್ರೋಟೀನ್ ಮಿತಿಯಿಂದ ಎರಡು ಲಾಭ ಎಂದು ವೈದ್ಯರು ಎಣಿಸಿದರು: ಕಸ ಕಡಿಮೆ, ಉಳಿದ ಸೋಸುಕಗಳಿಗೆ ವಿಶ್ರಾಂತಿ.

ಇಟಲಿಯ ಪಾಸ್ತಾ, ನಮ್ಮ ಸಾಬಕ್ಕಿ

ಡಯಾಲಿಸಿಸ್ ಎಲ್ಲರ ಕೈಗೆಟುಕದಿದ್ದ ಕಾಲದಲ್ಲಿ ಊಟವೇ ಔಷಧವಾಗಿತ್ತು. ಇಟಲಿಯಲ್ಲಿ 1963ರಲ್ಲಿ ಕಾರ್ಮೆಲೊ ಜೋರ್ಡಾನೊ, 1964ರಲ್ಲಿ ಸೆರ್ಜಿಯೊ ಜೊವನ್ನೆಟ್ಟಿ ಮತ್ತು ಕ್ವಿರಿನೊ ಮಜ್ಜೋರೆ ತೀರಾ ಕಡಿಮೆ ಪ್ರೋಟೀನಿನ ಪಥ್ಯ ರೂಪಿಸಿದರು. ದೇಹ ತಾನಾಗಿ ತಯಾರಿಸಿಕೊಳ್ಳಲಾಗದ ಅಗತ್ಯ ಅಮೈನೊ ಆಮ್ಲಗಳಷ್ಟನ್ನು ಮೊಟ್ಟೆಯಂಥ ಆಹಾರದಿಂದ ಕೊಟ್ಟು, ಹೊಟ್ಟೆ ತುಂಬಿಸಲು ಪ್ರೋಟೀನ್ ತೆಗೆದ ಪಿಷ್ಟದ ಬ್ರೆಡ್ಡು, ಪಾಸ್ತಾ ಬಳಸುವ ಉಪಾಯ ಅದು. ಸಾವಿನಂಚಿನಲ್ಲಿದ್ದ ರೋಗಿಗಳ ವಾಂತಿ ನಿಂತಿತು, ಎದ್ದು ಕೂತರು. ಪಥ್ಯ ಜಗತ್ತಿನಾದ್ಯಂತ ಹರಡಿತು.

ಆದರೆ ಅದು ಕಿಡ್ನಿಯನ್ನು ಉಳಿಸುತ್ತದೆಯೇ? ಈ ಪ್ರಶ್ನೆಯನ್ನು ಒರೆಗೆ ಹಚ್ಚಿದ ದೊಡ್ಡ ಪ್ರಯೋಗದ ಫಲಿತಾಂಶ ಅಮೆರಿಕದಿಂದ 1994ರಲ್ಲಿ ಬಂತು. ಎಂಡಿಆರ್‌ಡಿ ಎಂದು ಹೆಸರಾದ ಆ ಅಧ್ಯಯನದಲ್ಲಿ 840 ರೋಗಿಗಳಿದ್ದರು. ಕಾಯಿಲೆ ಮಧ್ಯಮ ಹಂತದಲ್ಲಿದ್ದವರಲ್ಲಿ ಒಂದು ಗುಂಪಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 1.3 ಗ್ರಾಂ ಪ್ರೋಟೀನ್, ಇನ್ನೊಂದಕ್ಕೆ 0.58 ಗ್ರಾಂ. ಸರಾಸರಿ ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ನೋಡಿದರೂ ಎರಡು ಗುಂಪುಗಳ ಕಿಡ್ನಿಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಪಥ್ಯ ಹೇಳುವವರೂ ಬೇಡವೆನ್ನುವವರೂ ಅಂದಿನಿಂದ ಈ ಒಂದೇ ಅಧ್ಯಯನವನ್ನು ತಮ್ಮ ತಮ್ಮ ಕಡೆಗೆ ಎಳೆದಾಡುತ್ತ ಬಂದಿದ್ದಾರೆ. ಈ ನಡುವೆ, ಸೋಸುಕದೊಳಗಿನ ಒತ್ತಡ ಇಳಿಸುವ ರಕ್ತದೊತ್ತಡದ ಮಾತ್ರೆಗಳು ಬಂದವು. ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಎಸ್‌ಜಿಎಲ್‌ಟಿ2 ತಡೆಯುವ ಔಷಧಗಳೂ ಕಿಡ್ನಿ ಕಾಯುತ್ತವೆ ಎಂದು ಸಾಬೀತಾಯಿತು. ಊಟ ಕಡಿತದಿಂದ ಪಡೆಯಬೇಕೆಂದಿದ್ದ ವಿಶ್ರಾಂತಿಯ ಒಂದು ಪಾಲನ್ನು ಈಗ ಮಾತ್ರೆಗಳೇ ಕೊಡುತ್ತಿವೆ.

ಹೀಗಾಗಿ ಇವತ್ತಿನ ಮಾರ್ಗಸೂಚಿಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಅಮೆರಿಕದ ಕೆಡಿಒಕ್ಯುಐ 2020ರಲ್ಲಿ, ಕಾಯಿಲೆ ಮೂರನೇ ಹಂತ ಮುಟ್ಟಿ ಇನ್ನೂ ಡಯಾಲಿಸಿಸ್‌ಗೆ ಬಾರದ, ಸಕ್ಕರೆ ಕಾಯಿಲೆ ಇಲ್ಲದವರಿಗೆ ಕೆ.ಜಿ.ಗೆ 0.55ರಿಂದ 0.60 ಗ್ರಾಂ, ಸಕ್ಕರೆ ಕಾಯಿಲೆ ಇರುವವರಿಗೆ 0.6ರಿಂದ 0.8 ಗ್ರಾಂ ಎಂದಿತು. ಅಂತರರಾಷ್ಟ್ರೀಯ ಸಂಸ್ಥೆ ಕೆಡಿಐಜಿಒ 2024ರಲ್ಲಿ 0.8 ಗ್ರಾಂ ಸಾಕು, 1.3 ಗ್ರಾಂ ಮೀರಬೇಡಿ ಎಂದಿತು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ಶಿಫಾರಸು ಮಾಡಿದ ಪ್ರೋಟೀನ್ ಕೆ.ಜಿ.ಗೆ 0.83 ಗ್ರಾಂ! ಅಂದರೆ 0.8ರ ‘ಪಥ್ಯ’ ಎಂಬುದು ಹೆಚ್ಚುಕಡಿಮೆ ನಮ್ಮ ನಿಮ್ಮ ಹದವಾದ ಊಟವೇ. ಮಾಂಸ, ಚೀಸು ದಂಡಿಯಾಗಿ ತಿನ್ನುವವರನ್ನು 1.3ರಿಂದ ಕೆಳಗಿಳಿಸಲು ಹುಟ್ಟಿದ ಸಲಹೆಯನ್ನು ಮುದ್ದೆ, ಸಾರು, ಅನ್ನ ಉಣ್ಣುವ ಮನೆಗೆ ಅಳತೆಯಿಲ್ಲದೆ ತಂದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡಪ್ಪನ ಕೈಗಡಿಯಾರವೇ ಸಾಕ್ಷಿ.

ಕ್ಯಾಲೆಂಡರ್ ಹಿಂದಿನ ಲೆಕ್ಕ

ಡಯಟೀಷಿಯನ್ ಹೇಳಿದ್ದನ್ನು ದೊಡ್ಡಪ್ಪ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದು ಅಡುಗೆಮನೆ ಬಾಗಿಲಿಗೆ ತೂಗುಹಾಕಿದರು. ಅವರ ತೂಕ ಕಾಯಿಲೆಗೆ ಮುಂಚೆ 60 ಕೆ.ಜಿ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಉಂಟು. 0.6ರ ಲೆಕ್ಕದಲ್ಲಿ ದಿನಕ್ಕೆ 36 ಗ್ರಾಂ ಪ್ರೋಟೀನ್. ಅಕ್ಕಿ 150 ಗ್ರಾಂ, ಅದರಿಂದ 12. ರಾಗಿಹಿಟ್ಟು 75 ಗ್ರಾಂ, 5. ತೊಗರಿಬೇಳೆ ಒಂದು ಬಟ್ಟಲು, ಆರೂವರೆ. ಹಾಲು ಮೊಸರು ಸೇರಿ 200 ಮಿಲಿ ಲೀಟರ್, ಆರೂವರೆ. ತರಕಾರಿ ಎಲ್ಲ ಸೇರಿ ನಾಲ್ಕೈದು. ಕೂಡಿದರೆ ಸುಮಾರು 35.

ಕೂಡಿ ಮುಗಿಸಿದ ದೊಡ್ಡಮ್ಮನಿಗೆ ಆಶ್ಚರ್ಯ. ಅಟ್ಟ ಹತ್ತಿಸಿದ್ದ ಬೇಳೆಯಿಂದ ಬರುವುದು ಬರೀ ಆರೂವರೆ. ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಅಕ್ಕಿ, ರಾಗಿಯಿಂದ 17! ನಮ್ಮ ಊಟದಲ್ಲಿ ಪ್ರೋಟೀನಿನ ದೊಡ್ಡ ಪಾಲು ಬರುವುದು ಧಾನ್ಯದಿಂದಲೇ. ಧಾನ್ಯದಲ್ಲಿ ಲೈಸಿನ್ ಎಂಬ ಅಗತ್ಯ ಅಮೈನೊ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಅನ್ನ ಮಾತ್ರ ಇಟ್ಟುಕೊಂಡು ಬೇಳೆ ಬಿಟ್ಟರೆ ಕಸ ಉಳಿಯುತ್ತದೆ, ಕಸುವು ಹೋಗುತ್ತದೆ. ಇನ್ನು 0.8ರ ಲೆಕ್ಕಕ್ಕೆ, ಅಂದರೆ 48 ಗ್ರಾಮಿಗೆ ಏರಬೇಕೆಂದರೆ ಈ ಪಟ್ಟಿಗೆ ಇನ್ನೊಂದು ಬಟ್ಟಲು ಬೇಳೆ, ಇನ್ನೊಂದು ಲೋಟ ಹಾಲು ಸೇರಿಸಿದರಾಯಿತು. ತಜ್ಞರ ನಡುವಿನ ಅಷ್ಟೂ ವಾದ ನಮ್ಮ ಅಡುಗೆಮನೆಯಲ್ಲಿ ಇಷ್ಟೇ ಜಾಗ ಹಿಡಿಯುತ್ತದೆ. ಬಾಡೂಟದ ಮನೆಯಲ್ಲಿ ಲೆಕ್ಕ ಬೇರೆ. ಮೂಳೆ ಬಿಟ್ಟು ನೂರು ಗ್ರಾಂ ಕೋಳಿಮಾಂಸದಲ್ಲಿ ಇಪ್ಪತ್ತು ಗ್ರಾಂ ಪ್ರೋಟೀನ್; ಭಾನುವಾರ ಎರಡು ಸಲ ಬಡಿಸಿಕೊಳ್ಳುವಷ್ಟರಲ್ಲಿ ಇಡೀ ದಿನದ ಪಾಲು ಮುಗಿದು ನಾಳೆಯದಕ್ಕೂ ಕೈಹಾಕಿರುತ್ತೇವೆ.

ನಿಜವಾದ ತೊಡಕು ಕಾಣಿಸುವುದು ಕ್ಯಾಲೊರಿಯ ಕಾಲಂನಲ್ಲಿ. ಮೇಲಿನ ಪಟ್ಟಿಯಿಂದ ಸಿಗುವುದು ಸುಮಾರು 1,100 ಕ್ಯಾಲೊರಿ. ದೊಡ್ಡಪ್ಪನಿಗೆ ಬೇಕಾದದ್ದು ಕೆ.ಜಿ.ಗೆ 30ರಂತೆ 1,800. ಈ 700ರ ಕೊರತೆ ತುಂಬದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಉರಿಸುತ್ತದೆ. ಸ್ನಾಯುವೂ ಸಸಾರಜನಕವೇ ತಾನೆ? ಅದು ಉರಿದರೆ ಅದೇ ಯೂರಿಯಾ. ಬಾಯಿಂದ ಬೇಳೆ ತಡೆದು ತೊಡೆಯಿಂದ ಮಾಂಸ ಕೊಟ್ಟಂತೆ.

ಪ್ರೋಟೀನ್ ಏರಿಸದೆ ಹೊಟ್ಟೆ ತುಂಬಿಸುವುದಕ್ಕಾಗಿ ಇಟಲಿಯವರು ಪ್ರತ್ಯೇಕ ಪಾಸ್ತಾ ತಯಾರಿಸಿಕೊಂಡರು. ನಮ್ಮಲ್ಲಿ ಆ ಪದಾರ್ಥ ದಿನಸಿ ಅಂಗಡಿಯಲ್ಲೇ ಇದೆ: ಸಾಬಕ್ಕಿ. ನೂರು ಗ್ರಾಂ ಸಾಬಕ್ಕಿಯಲ್ಲಿ ಮುನ್ನೂರೈವತ್ತು ಕ್ಯಾಲೊರಿ ಇದ್ದರೂ ಪ್ರೋಟೀನ್ ಅರ್ಧ ಗ್ರಾಮೂ ಇಲ್ಲ. ಮಲೆನಾಡಿನವರ ಕೂವೆಹಿಟ್ಟೂ ಇದೇ ಜಾತಿ. ಕಡಲೆಕಾಯಿ ಬೀಜ ಹಾಕದ ಸಾಬಕ್ಕಿ ಉಪ್ಪಿಟ್ಟು, ಕೂವೆ ಹಲ್ವ, ಮುದ್ದೆಗೊಂದು ಚಮಚ ತುಪ್ಪ, ಪಲ್ಯಕ್ಕೆ ಕೈಬಿಚ್ಚಿ ಎಣ್ಣೆ. ‘ಕಾಯಿಲೆಯವರಿಗೆ ಎಣ್ಣೆನಾ?’ ಎಂದು ದೊಡ್ಡಮ್ಮ ಒಪ್ಪಲು ಹದಿನೈದು ದಿನ ಹಿಡಿಯಿತು. ಸಕ್ಕರೆ ಕಾಯಿಲೆ ಇದ್ದರೆ ಸಾಬಕ್ಕಿ, ಸಿಹಿ ಇಷ್ಟು ಸಲೀಸಲ್ಲ; ಆಗ ಲೆಕ್ಕವನ್ನು ಡಯಟೀಷಿಯನ್ ಜತೆ ಕೂತೇ ಹಾಕಬೇಕು. ಮಕ್ಕಳಿಗೆ, ಬಸುರಿಯರಿಗೆ, ಈಗಾಗಲೇ ಸೊರಗಿರುವ ವೃದ್ಧರಿಗೆ ಈ ಕಡಿತದ ಪಾಠ ಹೇಳಲೇಬಾರದು.

ರೋಗಿ ತಿನ್ನುತ್ತಿರುವುದು ಎಷ್ಟು ಎಂದು ಕಂಡುಹಿಡಿಯಲು ವೈದ್ಯರ ಹತ್ತಿರ ಒಂದು ಉಪಾಯವಿದೆ. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದಿಟ್ಟು ಅದರಲ್ಲಿನ ಯೂರಿಯಾ ಸಾರಜನಕ ಅಳೆಯುವುದು. ಬೇರೆ ದಾರಿಗಳಲ್ಲಿ ಹೋಗುವ ಸಾರಜನಕಕ್ಕೆ ಕೆ.ಜಿ.ಗೆ 0.031 ಗ್ರಾಂ ಸೇರಿಸಿ, ಒಟ್ಟನ್ನು 6.25ರಿಂದ ಗುಣಿಸಿದರೆ ತಿಂದ ಪ್ರೋಟೀನ್ ಸಿಗುತ್ತದೆ. 60 ಕೆ.ಜಿ. ತೂಕದವರ ಕ್ಯಾನಿನಲ್ಲಿ 6 ಗ್ರಾಂ ಇದ್ದರೆ ಅವರು ತಿಂದದ್ದು ಸುಮಾರು 49 ಗ್ರಾಂ. ನಾಲಿಗೆ ಮುಚ್ಚಿಟ್ಟದ್ದನ್ನು ಕ್ಯಾನು ಹೇಳಿಬಿಡುತ್ತದೆ.

ಬಸ್ಸಾರು ಯಾರಿಗೆ, ಪಲ್ಯ ಯಾರಿಗೆ?

ಪ್ರೋಟೀನಿನ ಬೆನ್ನಿಗೇ ಬರುವ ಇನ್ನಿಬ್ಬರು ಪೊಟ್ಯಾಸಿಯಂ ಮತ್ತು ರಂಜಕ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಏರಿದ್ದವರಿಗೆ ಹೇಳುವ ಉಪಾಯ: ತರಕಾರಿ, ಸೊಪ್ಪನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ. ಹಳೇ ಮೈಸೂರು ಸೀಮೆಯಲ್ಲಿ ಈ ಮಾತು ಹೇಳಿದರೆ ನಗುತ್ತಾರೆ. ಬಸಿದ ನೀರೇ ನಮಗೆ ಬಸ್ಸಾರು! ಸೊಪ್ಪು ಕಾಳಿನ ಪೊಟ್ಯಾಸಿಯಂ ಇಳಿದಿರುವುದು ಆ ನೀರಿಗೇ. ದೊಡ್ಡಮ್ಮ ಅದಕ್ಕೂ ದಾರಿ ಕಂಡುಕೊಂಡರು: ಬಸಿದ ಪಲ್ಯ ದೊಡ್ಡಪ್ಪನಿಗೆ, ಬಸ್ಸಾರು ಮಿಕ್ಕವರಿಗೆ. ಒಂದೇ ಒಲೆ, ಒಂದೇ ಪಾತ್ರೆ, ಎರಡು ತಟ್ಟೆ.

ಪೊಟ್ಯಾಸಿಯಂ ಏರಿದ್ದವರಿಗೆ ಎಳನೀರು ‘ತಂಪು’ ಅಲ್ಲ, ಅಪಾಯ. ಕಲ್ಲು ಕರಗಲೆಂದು ಕುಡಿಯುವ ಬಾಳೆದಿಂಡಿನ ರಸವೂ ಅಷ್ಟೇ. ಕಿಡ್ನಿಯಲ್ಲಿ ಕಲ್ಲಾಗುವುದೂ ಕಿಡ್ನಿ ಸೋಲುವುದೂ ಬೇರೆ ಬೇರೆ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಬಂದಿರುವುದು ಪೊಟ್ಯಾಸಿಯಮ್ಮೇ. ಕರಾವಳಿಯ ಹಿತ್ತಿಲಲ್ಲಿ ಬಿಡುವ ಧಾರೆಹುಳಿ, ಅಂದರೆ ಕಮರಾಕ್ಷಿ, ಕಿಡ್ನಿ ಸೋತವರಿಗೆ ಸಂಪೂರ್ಣ ನಿಷಿದ್ಧ. ಅದರಲ್ಲಿನ ವಿಷಾಂಶವನ್ನು ಸೋತ ಕಿಡ್ನಿ ಹೊರಹಾಕಲಾರದೆ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಜೀವವೇ ಹೋದದ್ದುಂಟು.

ರಂಜಕದ ವಿಷಯದಲ್ಲಿ ಮಾತ್ರ ಬೇಳೆಗೆ ಸಿಹಿಸುದ್ದಿ. ಬೇಳೆಕಾಳಿನ ರಂಜಕ ಫೈಟೇಟ್ ರೂಪದಲ್ಲಿ ಬಿಗಿದುಕೊಂಡಿರುವುದರಿಂದ ಕರುಳು ಅದನ್ನು ಹಾಲು, ಮಾಂಸದ ರಂಜಕದಷ್ಟು ಹೀರುವುದಿಲ್ಲ. ಪೊಟ್ಟಣದ ತಿಂಡಿ, ಕೋಲಾಗಳಿಗೆ ಬೆರೆಸಿದ ಫಾಸ್ಫೇಟನ್ನು ಹೆಚ್ಚುಕಡಿಮೆ ಪೂರ್ತಿ ಹೀರುತ್ತದೆ. ಸಸ್ಯಾಹಾರದಿಂದ ರಕ್ತದಲ್ಲಿ ಸೇರುವ ಆಮ್ಲವೂ ಕಡಿಮೆ. ಹಿಂದೆ ‘ಎರಡನೇ ದರ್ಜೆ’ ಎಂದು ಬೇಳೆಯ ಪ್ರೋಟೀನನ್ನು ಕಡೆಗಣಿಸಿದ್ದ ವೈದ್ಯಲೋಕ ಈಗ ಕಿಡ್ನಿ ರೋಗಿಯ ತಟ್ಟೆಗೆ ಅದನ್ನೇ ಮರಳಿ ಕರೆಯುತ್ತಿದೆ.

ದಿನಕ್ಕೆ ಹನ್ನೆರಡು ಮಾತ್ರೆ

ಔಷಧದಂಗಡಿಯಲ್ಲಿ ‘ಕೀಟೋ ಮಾತ್ರೆ’ ಎಂದು ಕರೆಯುವ ದಪ್ಪ ಗುಳಿಗೆಗಳ ಕತೆ ಇಲ್ಲಿ ಬರುತ್ತದೆ. ತೂಕ ಇಳಿಸಲು ಕೊಬ್ಬು, ಮಾಂಸ ತಿನ್ನಿಸುವ ಕೀಟೋ ಡಯೆಟ್ಟಿಗೂ ಇದಕ್ಕೂ ಹೆಸರಿನ ಸಾಮ್ಯವಲ್ಲದೆ ಏನೂ ಇಲ್ಲ. ಅಗತ್ಯ ಅಮೈನೊ ಆಮ್ಲದಿಂದ ಸಾರಜನಕದ ತುಂಡನ್ನು ಕಳಚಿಟ್ಟರೆ ಉಳಿಯುವ ಎಲುಬುಗೂಡೇ ಕೀಟೋ ಅನಲಾಗ್. ಅದು ದೇಹ ಸೇರಿ, ಅಲ್ಲಿ ಕಸವಾಗಲಿದ್ದ ಸಾರಜನಕವನ್ನೇ ಹಿಡಿದು ಪೂರ್ಣ ಅಮೈನೊ ಆಮ್ಲವಾಗುತ್ತದೆ. ಕಸ ಕಡಿಮೆ, ಕಟ್ಟಡಕ್ಕೆ ಇಟ್ಟಿಗೆಯೂ ಸಿಕ್ಕಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮೆಕೆಂಜಿ ವಾಲ್ಸರ್ 1970ರ ದಶಕದಲ್ಲಿ ಬೆಳೆಸಿದ ಈ ಯೋಚನೆ ನಿಜಕ್ಕೂ ಜಾಣತನದ್ದು.

ಜಾಣತನ ಫಲಿಸಲು ಒಂದು ಷರತ್ತಿದೆ. ಈ ಮಾತ್ರೆ ಹುಟ್ಟಿದ್ದು ತೀರಾ ಕಡಿಮೆ, ಅಂದರೆ ಕೆ.ಜಿ.ಗೆ 0.3ರಿಂದ 0.4 ಗ್ರಾಂ ಪ್ರೋಟೀನಿನ ಪಥ್ಯದ ಜತೆಗಾರನಾಗಿ. 60 ಕೆ.ಜಿ. ತೂಕಕ್ಕೆ 0.3 ಎಂದರೆ ದಿನಕ್ಕೆ 18 ಗ್ರಾಂ. ದೊಡ್ಡಪ್ಪನ ಕ್ಯಾಲೆಂಡರಿನಲ್ಲಿ ಅಕ್ಕಿ, ರಾಗಿಯೇ 17 ಗ್ರಾಂ ಎಂಬುದನ್ನು ನೆನಪಿಸಿಕೊಳ್ಳಿ. ಬೇಳೆ, ಹಾಲು ಬಿಟ್ಟರೂ ಸಾಲದು, ಅನ್ನವನ್ನೂ ಸಾಬಕ್ಕಿಯಿಂದ ಬದಲಿಸಬೇಕು. ಮಾತ್ರೆ ಐದು ಕೆ.ಜಿ.ಗೆ ಒಂದರಂತೆ ದಿನಕ್ಕೆ ಹನ್ನೆರಡು, ಊಟದ ಜತೆಗೇ. ಒಂದೊಂದರಲ್ಲೂ ಸುಮಾರು 50 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ರಕ್ತದ ಕ್ಯಾಲ್ಸಿಯಂ ಮೇಲೆ ಕಣ್ಣಿಡಬೇಕು.

ಇಷ್ಟು ಕಟ್ಟುನಿಟ್ಟು ಪಾಲಿಸಬಲ್ಲವರಿಗೆ ಫಲ ಉಂಟು. ರೊಮೇನಿಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 207 ರೋಗಿಗಳಿಗೆ ಹದಿನೈದು ತಿಂಗಳು ಪಥ್ಯ ಮಾಡಿಸಿದರು. ಡಯಾಲಿಸಿಸ್ ಬೇಕಾಗುವ, ಇಲ್ಲವೇ ಕಿಡ್ನಿಯ ಶಕ್ತಿ ಅರ್ಧಕ್ಕಿಂತ ಹೆಚ್ಚು ಕುಸಿಯುವ ಸ್ಥಿತಿಗೆ ಹೋದವರು ಮಾಮೂಲಿ ಕಡಿಮೆ ಪ್ರೋಟೀನ್ ಗುಂಪಿನಲ್ಲಿ ಶೇ 42. ಸಸ್ಯಾಹಾರದ ತೀರಾ ಕಡಿಮೆ ಪ್ರೋಟೀನ್ ಮತ್ತು ಮಾತ್ರೆಯ ಗುಂಪಿನಲ್ಲಿ ಶೇ 13. ಆದರೆ ಆ 207 ಜನ ಸಿಕ್ಕಿದ್ದು 1,413 ಮಂದಿಯನ್ನು ಜರಡಿ ಹಿಡಿದ ಮೇಲೆ. ಇನ್ನೊಂದು ಕಡೆ, ಎಂಡಿಆರ್‌ಡಿ ಅಧ್ಯಯನದಲ್ಲಿ ಇಂಥದೇ ಕಠಿಣ ಪಥ್ಯ ಮಾಡಿದ್ದವರನ್ನು ವರ್ಷಗಳ ಕಾಲ ಗಮನಿಸಿ 2009ರಲ್ಲಿ ಕೊಟ್ಟ ವರದಿ ಎಚ್ಚರಿಕೆಯದು: ಅವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಹೊಲಿದ ಅಂಗಿಯಂತೆ ಈ ಪಥ್ಯವೂ ಎಲ್ಲರ ಮೈಗೆ ಕೂರುವುದಿಲ್ಲ. ಊಟ ಇದ್ದಹಾಗೇ ಇದ್ದು ದಿನಕ್ಕೆ ಮೂರು ಕೀಟೋ ಮಾತ್ರೆ ನುಂಗುವುದಕ್ಕಂತೂ ಈ ಯಾವ ಅಧ್ಯಯನದ ಬೆಂಬಲವೂ ಇಲ್ಲ. ನಿಮ್ಮ ಚೀಟಿಯಲ್ಲಿ ಅದಿದ್ದರೆ ‘ಇದರ ಜತೆಗಿನ ಊಟ ಯಾವುದು?’ ಎಂದು ಕೇಳಿ.

ಡಬ್ಬಗಳ ವಿಷಯವೂ ಹೀಗೆಯೇ. ಕಿಡ್ನಿ ರೋಗಿಗಳಿಗೆಂದೇ ಮಾರುವ ಪೌಡರಿನಲ್ಲಿ ಎರಡು ಬಗೆ. ಡಯಾಲಿಸಿಸ್‌ಗೆ ಮುಂಚಿನವರಿಗೆ ಕ್ಯಾಲೊರಿ ಹೆಚ್ಚು, ಪ್ರೋಟೀನ್ ಕಡಿಮೆ. ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಹೆಚ್ಚು. ಡಬ್ಬಗಳು ನೋಡಲು ಅಕ್ಕತಂಗಿಯರಂತಿದ್ದು ಅಂಗಡಿಯವನು ಒಂದರ ಬದಲು ಇನ್ನೊಂದು ಕೊಟ್ಟರೆ ಪಥ್ಯವೇ ತಲೆಕೆಳಗು. ಸೊರಗಿದವರನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವ ಮಾಮೂಲಿ ಪ್ರೋಟೀನ್ ಪೌಡರ್, ವ್ಯಾಯಾಮಶಾಲೆಯ ಹುಡುಗರ ವ್ಹೇ ಪುಡಿ ಇನ್ನೂ ಜೋರು. ವ್ಹೇಯ ಒಂದೇ ಸ್ಕೂಪಿನಲ್ಲಿ ಇಪ್ಪತ್ತು ಗ್ರಾಂ ಮೀರಿ ಪ್ರೋಟೀನ್ ಇರುತ್ತದೆ. ದೊಡ್ಡಪ್ಪನ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು.

ತಿರುವುಮುರುವಾದ ಪಥ್ಯ

ಬಟ್ಟಲು ಅಳತೆಯ ಊಟದಲ್ಲಿ ದೊಡ್ಡಪ್ಪ ಮೂರು ವರ್ಷ ತಳ್ಳಿದರು. ಇಳಿದ ತೂಕದಲ್ಲಿ ಐದು ಕೆ.ಜಿ. ಮರಳಿತು. ಕೊನೆಗೂ ಕಿಡ್ನಿ ಸೋತಿತು, ಡಯಾಲಿಸಿಸ್ ಶುರುವಾಯಿತು. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಯಂತ್ರಗಳು ಹೆಚ್ಚಿವೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಇವೆ. ವಾರಕ್ಕೆ ಎರಡು ಸಲ ಬೆಳಗಿನ ಬಸ್ಸು, ನಾಲ್ಕು ಗಂಟೆ ಯಂತ್ರದ ಪಕ್ಕ, ಮಧ್ಯಾಹ್ನ ವಾಪಸು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಕೈಗಡಿಯಾರ ಮತ್ತೆ ಜಾರತೊಡಗಿತು. ಅಡುಗೆಮನೆ ಬಾಗಿಲಲ್ಲಿ ಅದೇ ಹಳೇ ಕ್ಯಾಲೆಂಡರು! ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ತಿರುವಿಹಾಕುವ ಗಳಿಗೆ ಇದು ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಡಯಾಲಿಸಿಸ್ ಯಂತ್ರ ಕಸ ತೊಳೆಯುವಾಗ ಒಳ್ಳೆಯದನ್ನೂ ತೊಳೆಯುತ್ತದೆ. ಒಂದೊಂದು ಸಲಕ್ಕೆ 6ರಿಂದ 12 ಗ್ರಾಂ ಅಮೈನೊ ಆಮ್ಲಗಳು ನೀರಿನೊಂದಿಗೆ ಹೋಗುತ್ತವೆ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ಸಿನಲ್ಲಿ ಪ್ರೋಟೀನೇ ನೇರವಾಗಿ ದಿನವೂ ಸೋರುತ್ತದೆ. ಜತೆಗೆ ಯಂತ್ರದ ಪಕ್ಕದ ಆ ನಾಲ್ಕು ಗಂಟೆಯಲ್ಲಿ ದೇಹ ತನ್ನ ಸ್ನಾಯುವನ್ನೂ ಕರಗಿಸುತ್ತದೆ. ಕಸ ಸಾಗಿಸಲು ಈಗ ಯಂತ್ರವಿದೆ. ಬಡಕಲು ದೇಹ ಉಳಿಸಲು ಅನ್ನ ಬೇಕು. ಆದ್ದರಿಂದ ಡಯಾಲಿಸಿಸ್‌ನಲ್ಲಿರುವವರಿಗೆ ಬೇಕಾದ ಪ್ರೋಟೀನ್ ಕೆ.ಜಿ.ಗೆ 1.0ರಿಂದ 1.2 ಗ್ರಾಂ. ಅರವತ್ತು ಕೆ.ಜಿ.ಗೆ 60ರಿಂದ 72. ನೆನ್ನೆಯ 36ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡುಪಟ್ಟು.

ಈ ತಿರುವನ್ನು ಬಿಡಿಸಿ ಹೇಳುವವರಿಲ್ಲದೆ ಡಯಾಲಿಸಿಸ್ ವಾರ್ಡುಗಳಲ್ಲಿ ತಿಳಿಸಾರು ಅನ್ನದ ಡಬ್ಬಿ ಹಿಡಿದು ಬರುವವರು ಎಷ್ಟೋ ಜನ. ದೊಡ್ಡಪ್ಪನ ಡಬ್ಬಿಯನ್ನು ಬಿಚ್ಚಿ ನೋಡಿದ ನರ್ಸ್, “ಏನ್ ಮೇಷ್ಟ್ರೇ, ಇನ್ನೂ ಹಳೇ ಸಿಲಬಸ್ಸೇ ಓದ್ತಿದ್ದೀರಲ್ಲ” ಎಂದರಂತೆ. ದಿನಕ್ಕೆ ಎರಡು ಮೊಟ್ಟೆಯ ಬಿಳಿ ತಿನ್ನಿ ಎಂದೂ ಹೇಳಿದರು. ಬಿಳಿಯಲ್ಲಿ ಪ್ರೋಟೀನ್ ಇದ್ದೂ ರಂಜಕ ತೀರಾ ಕಡಿಮೆ. ಇವರಿಗೆ ಅದಕ್ಕಿಂತ ಹೊಂದುವ ಆಹಾರ ಸಿಗುವುದು ಕಷ್ಟ. ಆದರೆ ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟಿದ್ದಲ್ಲ. ದಾಟಿಸಬೇಕೆ ಎಂದು ಮಕ್ಕಳು ಚರ್ಚೆ ನಡೆಸಿದರು. ದೊಡ್ಡಪ್ಪ ಬೇಡವೆಂದರು. ಪನೀರು, ಸೋಯಾ, ಗಟ್ಟಿ ಮೊಸರು, ಬೇಳೆಯಿಂದಲೇ ಲೆಕ್ಕ ತುಂಬಬಹುದು, ಆದರೆ ರಂಜಕ ಹಿಡಿಯುವ ಮಾತ್ರೆಯನ್ನು ಪ್ರತಿ ಊಟದ ಜತೆಗೇ ನುಂಗಬೇಕು ಎಂದು ಡಯಟೀಷಿಯನ್ ಹೊಸ ಪಟ್ಟಿ ಕೊಟ್ಟಳು.

ದೊಡ್ಡಪ್ಪ ಕ್ಯಾಲೆಂಡರ್ ಇಳಿಸಿ, ಆ ವರ್ಷದ್ದರ ಬೆನ್ನಿಗೆ ಹೊಸ ಲೆಕ್ಕ ಬರೆದು ತೂಗುಹಾಕಿದರು. ತಲೆಬರಹಕ್ಕೆ ‘ಪಥ್ಯ’ ಎಂದು ಬರೆದು, ಅದನ್ನು ಹೊಡೆದುಹಾಕಿ, ‘ಊಟ’ ಎಂದು ತಿದ್ದಿದ್ದರು. ಮೊದಲ ದಿನ ದೊಡ್ಡಮ್ಮ ಬೇಳೆ ಡಬ್ಬದ ಮುಂದೆ ಕೈ ತಡೆದು ನಿಂತರು. ಮೂರು ವರ್ಷ ಆ ಬಟ್ಟಲಿನ ಕಂಠಕ್ಕೆ ಬೆರಳಿಟ್ಟು ಹೆಚ್ಚಿನ ಕಾಳು ಕೆಡವಿ ಕೆಡವಿ ರೂಢಿಯಾದ ಕೈ.

“ಒಂದು ಹಾಕಿದೆ ಕಣ್ರೀ,” ಅಂದರು ಅಲ್ಲಿಂದಲೇ.

“ಇನ್ನೊಂದು ಹಾಕು,” ಅಂದರು ದೊಡ್ಡಪ್ಪ ನಡುಮನೆಯಿಂದ. “ಈ ಸಲ ತಲೆತಟ್ಟಬೇಡ.”